ಕೊಕ್ಕೆಯ ಮೇಲಿನ ಏಳು ಬಟ್ಟೆ

"ಇನ್ನೂ ಒತ್ತು," ಎಂದರು ಮೇಷ್ಟ್ರು, ಕಾರಿನ ಹೊಟ್ಟೆಯ ಕೆಳಗಿನಿಂದ.

"ಒತ್ತಿದೀನಿ ಮೇಷ್ಟ್ರೇ. ಇಂಜಿನ್ ನಾಲ್ಕು ಸಾವಿರ ಸುತ್ತಲ್ಲಿದೆ."

"ಐದಕ್ಕೆ ತಗೊಂಡು ಹೋಗು. ಹೋಗಿ ಅಲ್ಲೇ ನಿಲ್ಲಿಸು."

ಫೋರ್‌ಮನ್ ಸೀಟಿನಲ್ಲಿ ಕೂತಿರಲಿಲ್ಲ. ಪಕ್ಕದ ಬಾಗಿಲಿನಿಂದ ಮೈ ಚಾಚಿ, ಬಲಗೈ ಮುಷ್ಟಿಯಿಂದ ಆಕ್ಸಿಲರೇಟರನ್ನು ಅದುಮಿ ಹಿಡಿದಿದ್ದ. ಕೂತು ಒತ್ತಿದರೆ ಸುಲಭವಾಗುತ್ತಿತ್ತು. ಹೇಳಿಕೊಡಬೇಕಾದವರು ಮೇಷ್ಟ್ರು, ಅವರು ಹೇಳಲಿಲ್ಲ. ಹನ್ನೊಂದು ದಿನದ ಹಿಂದೆ, ಶನಿವಾರ ಮಧ್ಯಾಹ್ನ ಮೂರೂವರೆಗೆ, ಆ ಸೀಟಿನಲ್ಲೇ ಅವನ ಭಾಮೈದ ಪ್ರಾಣ ಬಿಟ್ಟಿದ್ದ.

ಕಾರು ಪಂದ್ಯದ ಟ್ರ್ಯಾಕಿನಲ್ಲಿ ಎಲ್ಲರೂ ಅವನನ್ನು ಬಾಣ ಎನ್ನುತ್ತಿದ್ದರು. ಮೂರನೆಯ ಸುತ್ತಿನಲ್ಲಿ, ನೇರ ದಾರಿಯ ನಟ್ಟನಡುವೆ, ಬಾಣನ ಕಾರು ವೇಗ ಕಳೆದುಕೊಂಡಿತ್ತು. ಹಿಂದಿದ್ದ ಕಾರು ಓರೆಯಾಗಿ ಬಂದು ಅವನ ಬಾಗಿಲಿಗೇ ಗುದ್ದಿತ್ತು; ಇಂಜಿನ್ ಉಳಿಯಿತು, ಅವನು ಉಳಿಯಲಿಲ್ಲ. ಬೆಳಿಗ್ಗೆ ಬಾಣನಿಗೂ ಆ ಕಾರಿನವನಿಗೂ ಮಾತಿಗೆ ಮಾತು ಬೆಳೆದಿತ್ತೆಂದು ಹತ್ತು ಜನ ಹೇಳಿದ್ದರು. ಕಾರಿನಲ್ಲಿ ದೋಷವಿಲ್ಲ, ಹಟಕ್ಕೆ ಬಿದ್ದು ಬೇಕೆಂದೇ ಆಕ್ಸಿಲರೇಟರಿನಿಂದ ಕಾಲೆತ್ತಿದ್ದಾನೆ: ಪಂದ್ಯದ ಮಂಡಳಿ ಹೀಗೆಂದು ತೀರ್ಮಾನಿಸಿಯಾಗಿತ್ತು. ಇವತ್ತು ನಾಲ್ಕು ಗಂಟೆಯ ಸಭೆಯಲ್ಲಿ ಅದನ್ನು ಬರೆದು ಸಹಿ ಹಾಕಿದರೆ ಮುಗಿಯಿತು. ಸತ್ತವನ ಸಾವನ್ನು ಸತ್ತವನ ತಲೆಗೇ ಕಟ್ಟಿದಂತೆ. ಮಂಡಳಿ ಕಾರನ್ನು ಬಿಟ್ಟುಕೊಟ್ಟದ್ದು ಇವತ್ತು ಬೆಳಿಗ್ಗೆ; ಸಭೆಗೆ ಮೊದಲು ಒಮ್ಮೆ ನೋಡಿ ಎಂದು ಬಾಣನ ಅಕ್ಕ ಮೇಷ್ಟ್ರನ್ನು ಕೇಳಿಕೊಂಡಿದ್ದಳು.

ಗೋಡೆಯ ಗಡಿಯಾರದಲ್ಲಿ ಒಂದೂ ಮುಕ್ಕಾಲು.

ಮೇಷ್ಟ್ರು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ತುದಿಯನ್ನು ಇಂಜಿನ್ನಿಗೆ ತಾಗಿಸಿ ಮಲಗಿದ್ದರು. ಮೂವತ್ತೊಂದು ವರ್ಷ ತಾಂತ್ರಿಕ ಶಾಲೆಯಲ್ಲಿ ಇಂಜಿನ್ ಪಾಠ ಹೇಳಿದವರು. ಊರಿನ ಅರ್ಧ ಗ್ಯಾರೇಜು ಅವರ ಶಿಷ್ಯರದು. ಈ ಫೋರ್‌ಮನ್ನೂ ಅವರ ಬೆಂಚಿನಲ್ಲೇ ಕೂತು ಬೆಳೆದವನು. ಮೇಷ್ಟ್ರು ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುವ ಮನುಷ್ಯ. ಹದವಾಗಿ ಓಡುವ ಇಂಜಿನ್ ಅವರಿಗೆ ಬಾಯಿಪಾಠದ ಪದ್ಯದ ಹಾಗೆ. ಒಂದು ಮಾತ್ರೆ ಕುಸಿದರೂ ಅರ್ಥಕ್ಕಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು.

"ನಿದ್ದೆ ಹೋದ್ರಾ ಮೇಷ್ಟ್ರೇ?"

"ನನ್ನ ಕ್ಲಾಸಲ್ಲಿ ನಿದ್ದೆ ಹೋಗ್ತಿದ್ದೋನು ನಾನಲ್ಲಪ್ಪ, ನೀನು. ಎಷ್ಟು ತೋರಿಸ್ತಿದೆ?"

"ತೊಂಬತ್ತೆರಡು."

ಬೆಳಿಗ್ಗೆಯಿಂದ ಇದೇ ಕತೆ. ನಿಧಾನವಾಗಿ ಓಡಿಸಿದರೆ ನೀರಿನ ಶಾಖ ತೊಂಬತ್ತು ದಾಟುತ್ತಿರಲಿಲ್ಲ. ರೇಡಿಯೇಟರಿನ ಸಂದಿಗಳಲ್ಲಿ ಟೈರಿನ ಪುಡಿ ಕೂತಿದೆಯೇ ಎಂದು ನೋಡಿದ್ದಾಯಿತು; ಇರಲಿಲ್ಲ. ಫ್ಯಾನು ಸರಿ. ಥರ್ಮೋಸ್ಟಾಟನ್ನು ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿದರೆ ಸರಿಯಾದ ಹೊತ್ತಿಗೆ ಬಾಯಿ ತೆರೆಯಿತು. ಮಂಡಳಿಯ ಪರೀಕ್ಷಕನೂ ಇಷ್ಟೇ ನೋಡಿ 'ದೋಷವಿಲ್ಲ' ಎಂದು ಬರೆದಿದ್ದ. ಆದರೆ ಕಾರಿನ ಕಂಪ್ಯೂಟರಿನಲ್ಲಿ ಉಳಿದ ಅಂಕಿಗಳು ಬೇರೆ ಹೇಳುತ್ತಿದ್ದವು: ಮೂರನೆಯ ಸುತ್ತಿನಲ್ಲಿ ಶಾಖ ಏರಿತ್ತು, ಇಂಜಿನ್ ತಾನೇ ತನ್ನ ಬಲ ತಗ್ಗಿಸಿಕೊಂಡಿತ್ತು. ಅಳೆಯುವ ಸೆನ್ಸರು ಕೆಟ್ಟಿರಬೇಕು ಎಂದು ಮಂಡಳಿ ಅದನ್ನು ತಳ್ಳಿಹಾಕಿತ್ತು.

"ತೊಂಬತ್ತೇಳು," ಎಂದ ಫೋರ್‌ಮನ್. ಸ್ವಲ್ಪ ಹೊತ್ತು ಬಿಟ್ಟು, "ನೂರಾ ಮೂರು."

"ಕೈ ತೆಗೀಬೇಡ."

"ಅವನು ಈ ಶಾಖದ ಮುಳ್ಳಿಗೆ ಅತ್ತೆ ಅಂತಿದ್ದ ಮೇಷ್ಟ್ರೇ. ಎಷ್ಟು ಜೋರಾಗಿ ಓಡಿಸಿದ್ರೂ ಅತ್ತೆ ಮುಖ ಒಂದು ಸಲ ನೋಡ್ಕೋಬೇಕು ಭಾವ, ಅಂತ." ಫೋರ್‌ಮನ್ ಎಡತೋಳಿನಿಂದ ಮುಖ ಒರೆಸಿಕೊಂಡ. "ಮದುವೇನೇ ಆಗ್ಲಿಲ್ಲ ಪಾಪಿ."

ಮೇಷ್ಟ್ರು ಸ್ಕ್ರೂಡ್ರೈವರನ್ನು ಕೆಳಗಿಟ್ಟಿದ್ದರು. ಇಂಜಿನ್ನಿನಲ್ಲಿ ಹುಡುಕುವುದೇನೂ ಇಲ್ಲ, ಅದು ಪ್ರಾಮಾಣಿಕವಾಗಿ ಓಡುತ್ತಿತ್ತು. ಅವರ ಕಿವಿ ಈಗ ನೀರಿನ ಕಡೆಗೆ ಹೋಗಿತ್ತು.

ಈ ಕಾರಿನ ಇಂಜಿನ್ ಸೀಟಿನ ಬೆನ್ನ ಹಿಂದೆ, ರೇಡಿಯೇಟರು ಮುಂದೆ ಮೂಗಿನಲ್ಲಿ. ನಡುವೆ ಹೊಟ್ಟೆಯುದ್ದಕ್ಕೂ ಎರಡು ಅಲ್ಯೂಮಿನಿಯಂ ಪೈಪು: ಒಂದರಲ್ಲಿ ಬಿಸಿನೀರು ಮುಂದಕ್ಕೆ ಹೋಗಬೇಕು, ಇನ್ನೊಂದರಲ್ಲಿ ತಣಿದು ಹಿಂದಕ್ಕೆ ಬರಬೇಕು. ಮೇಷ್ಟ್ರು ಒಂದೊಂದಕ್ಕೂ ಕೈ ಹಿಂಭಾಗ ತಾಗಿಸಿದರು. ಹೋಗುವ ಪೈಪು ಕೈಯಿಡಲಾಗದಷ್ಟು ಬಿಸಿ. ಬರುವ ಪೈಪು ಬೆಚ್ಚಗಿತ್ತು, ಆದರೆ ನೀರು ಓಡುವ ಸಣ್ಣ ನಡುಕ ಅದರಲ್ಲಿರಲಿಲ್ಲ.

ಆ ಪೈಪು ಕೊನೆಯಲ್ಲಿ ಬಾಗಿ, ಒಂದು ಗೇಣುದ್ದದ ರಬ್ಬರ್ ಹೋಸಿನ ಮೂಲಕ ಪಂಪಿಗೆ ಸೇರುತ್ತಿತ್ತು. ಟಾರ್ಚಿನ ಬೆಳಕನ್ನು ಅಲ್ಲಿಗೆ ಹಾಯಿಸಿದರು.

ಹೋಸು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿತ್ತು, ಉಪವಾಸದ ಹೊಟ್ಟೆಯ ಹಾಗೆ.

"ನೂರಾ ಹನ್ನೆರಡು!" ಮೇಲಿನಿಂದ ಕೂಗಿದ ಫೋರ್‌ಮನ್. ಅಷ್ಟರಲ್ಲಿ ಇಂಜಿನ್ನಿನ ದನಿ ಬಿತ್ತು. ಮುಷ್ಟಿ ಒತ್ತಿದಂತೆಯೇ ಇತ್ತು; ಐದು ಸಾವಿರದ ಗರ್ಜನೆ ಮಾತ್ರ ಎರಡೂವರೆ ಸಾವಿರದ ಗೊಣಗಾಟಕ್ಕೆ ಇಳಿದಿತ್ತು. "ಮೇಷ್ಟ್ರೇ, ತಾನೇ ಬಿದ್ಹೋಯ್ತು! ನಾನು ಕೈ ತೆಗ್ದಿಲ್ಲ!"

"ಗೊತ್ತು. ಅವನೂ ಕಾಲು ತೆಗ್ದಿರಲಿಲ್ಲ." ಮೇಷ್ಟ್ರ ದನಿ ಮೆಲ್ಲಗಿತ್ತು. "ಈಗ ಬಿಡು."

ಇಂಜಿನ್ ಇಳಿಯಿತು. ಟಾರ್ಚಿನ ಬೆಳಕಿನಲ್ಲಿ ಆ ಹೋಸು ಉಸಿರು ಎಳೆದುಕೊಂಡಂತೆ ಮತ್ತೆ ಉಬ್ಬಿ ದುಂಡಗಾಯಿತು. ಪೈಪಿನಲ್ಲಿ ನೀರಿನ ನಡುಕ ಶುರುವಾಯಿತು. ಜೋರಾಗಿ ಓಡುವಾಗ ಕಚ್ಚಿ, ನಿಧಾನವಾದಾಗ ಬಿಟ್ಟುಬಿಡುವ ಯಾವುದೋ ಒಂದು ಒಳಗಿತ್ತು.

ತಣಿಯಲು ಬಿಟ್ಟು, ನೀರು ಇಳಿಸಿ, ಕ್ಲಿಪ್ಪು ಸಡಿಲಿಸುವಷ್ಟರಲ್ಲಿ ಎರಡೂ ಕಾಲು. ಮೇಷ್ಟ್ರು ಪೈಪಿನ ಬಾಗಿಗೆ ಕೊಕ್ಕೆಯಾಗಿ ಮಣಿಸಿದ ತಂತಿಯನ್ನು ತೂರಿಸಿ ಎಳೆದರು. ಬರಲಿಲ್ಲ. ತಿರುವಿ ಎಳೆದರು.

ಇಂಜಿನ್ ತಣಿಸುವ ಹಸಿರು ಕೂಲೆಂಟಿನಲ್ಲಿ ನೆನೆದ ಒಂದು ಬಟ್ಟೆಯ ತುಂಡು ಅವರ ಅಂಗೈಗೆ ಬಂದು ಬಿತ್ತು.

ಮೇಷ್ಟ್ರು ಫೋರ್‌ಮನ್ನನ ಮುಖ ನೋಡಿದರು. ಅವನು ಬಟ್ಟೆಯನ್ನು ನೋಡಿದ. ಆಮೇಲೆ ಬಾಗಿಲನ್ನು ನೋಡಿದ.

"ನಾನೇ ಮರೆತೆ," ಎಂದ. "ಬರ್ಕೊಳ್ಳಿ ಮೇಷ್ಟ್ರೇ. ಶುಕ್ರವಾರ ಸಂಜೆ ಪಂಪ್ ಬದಲಾಯಿಸಿದೆ. ಕಸ ಬೀಳದೇ ಇರ್ಲಿ ಅಂತ ಪೈಪಿನ ಬಾಯಿಗೆ ಬಟ್ಟೆ ತುರುಕಿದ್ದೆ. ತೆಗೆಯೋದು ಮರೆತೆ. ನನ್ನ ಕೈಯಾರೆ ಅವನನ್ನ ಕೊಂದೆ."

"ಎಷ್ಟು ಬೇಗ ಹೇಳ್ಬಿಟ್ಟೆ."

"ಇರೋದನ್ನ ಹೇಳಕ್ಕೆ ಎಷ್ಟು ಹೊತ್ತು ಬೇಕು?"

"ನಿನ್ನ ಹಲಗೆ ಬೇರೆ ಹೇಳ್ತಿದೆಯಲ್ಲೋ."

ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ಶುಕ್ರವಾರದ ಸಾಲು ಹಾಗೇ ಇತ್ತು: ಬಟ್ಟೆ ಏಳು, ವಾಪಸು ಏಳು. ಅದರ ಪಕ್ಕದ ಕೊಕ್ಕೆಯಲ್ಲಿ ಬಟ್ಟೆಗಳು. ಇಂಜಿನ್ ಮುಚ್ಚುವ ಮೊದಲು ಕೊಕ್ಕೆಗೆ ಬಟ್ಟೆ ಎಣಿಸಿ ನೇತುಹಾಕುವ ಈ ಪಾಠ ಮೇಷ್ಟ್ರದ್ದೇ. ಎಣಿಕೆ ಸರಿಯಾಗದೆ ಕೀಲಿ ತಿರುಗಿಸಿದ ಶಿಷ್ಯನನ್ನು ಅವರು ವಾರಗಟ್ಟಲೆ ಕಸ ಗುಡಿಸಲು ಹಚ್ಚುತ್ತಿದ್ದರು. ಈ ಹಲಗೆಯನ್ನು ನೋಡಿಯೇ ಮಂಡಳಿ ಪೈಪನ್ನು ಬಿಚ್ಚುವ ಗೋಜಿಗೆ ಹೋಗಿರಲಿಲ್ಲ.

"ಸುಳ್ಳು ಬರೆದೆ."

"ಬರೀಲಿಲ್ಲ. ನಿನಗೆ ಆ ಬುದ್ಧಿ ಇದ್ದಿದ್ರೆ ಪರೀಕ್ಷೆಯಲ್ಲೇ ಕಾಪಿ ಹೊಡೀತಿದ್ದೆ." ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ಎದ್ದರು. "ನಿಜವಾಗ್ಲೂ ಮರೆತೋನು ಈ ಬಟ್ಟೆ ನೋಡಿದ ತಕ್ಷಣ ಹಲಗೆ ಕಡೆ ತಿರುಗ್ತಾನೆ. ನಾನು ಏಳು ಎಣಿಸಿದ್ನಲ್ಲ, ಇದೆಲ್ಲಿಂದ ಬಂತು ಅಂತಾನೆ. ನೀನು ಬಾಗಿಲು ನೋಡ್ದೆ. ಯಾರು ಬರ್ತಾರೋ ಅಂತ ಭಯ ನಿನಗೆ?"

ಫೋರ್‌ಮನ್ ಕೈ ಒರೆಸಿಕೊಳ್ಳತೊಡಗಿದ. ಒರೆಸಿದ್ದನ್ನೇ ಒರೆಸಿದ.

ಮೇಷ್ಟ್ರು ಕೊಕ್ಕೆಯಿಂದ ಬಟ್ಟೆಗಳನ್ನು ಇಳಿಸಿ ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ಹಳೆಯ ಹಾಸಿಗೆ ಹೊದಿಕೆಯ ಚೌಕಗಳು. ಎಳೆ ಬಿಚ್ಚಿ ಇಂಜಿನ್ನಿಗೆ ಬೀಳಬಾರದೆಂದು ನಾಲ್ಕೂ ಅಂಚು ಮಡಚಿ ಹೊಲಿದದ್ದು. ಒಂದು, ಎರಡು, ಮೂರು. ಆರು ಬಟ್ಟೆ ನೆಟ್ಟಗಿದ್ದವು. ಏಳನೆಯದು ಅಗಲದಲ್ಲಿ ಉಳಿದವುಗಳ ಮೂರರಲ್ಲಿ ಒಂದು ಭಾಗ. ಮೂರು ಅಂಚಿಗೆ ಹೊಲಿಗೆ, ನಾಲ್ಕನೆಯದು ಹರಿದದ್ದು.

ಪೈಪಿನಿಂದ ಬಂದ ತುಂಡನ್ನು ಅದರ ಪಕ್ಕಕ್ಕೆ ಇಟ್ಟರು. ಹರಿದ ಗೆರೆಗೆ ಹರಿದ ಗೆರೆ ಹೊಂದಿಕೊಂಡಿತು. ಆದರೆ ಆ ತುಂಡಿನ ಇನ್ನೊಂದು ಬದಿಯೂ ಹರಿದೇ ಇತ್ತು.

"ಇದು ನಡುವಿನ ತುಂಡು," ಎಂದರು ಮೇಷ್ಟ್ರು. "ಇದಕ್ಕೆ ಇನ್ನೊಬ್ಬ ತಮ್ಮ ಇದ್ದಾನೆ. ಅವನೆಲ್ಲಿ?"

ಫೋರ್‌ಮನ್ ಬಾಯಿ ತೆರೆಯುವ ಮೊದಲೇ ಬಾಗಿಲು ಸರಿಯಿತು.

ಬಂದವಳು ಅವನ ಹೆಂಡತಿ, ಬಾಣನ ಅಕ್ಕ. ಕೈಯಲ್ಲಿ ಇಸ್ತ್ರಿ ಮಾಡಿದ ಗಂಡನ ಅಂಗಿ. ತಾಯಿ ಇಲ್ಲದ ತಮ್ಮನನ್ನು ಆರನೆಯ ವಯಸ್ಸಿನಿಂದ ಸಾಕಿದವಳು. ಹನ್ನೊಂದು ದಿನದಲ್ಲಿ ಅವಳ ಮುಖ ಹತ್ತು ವರ್ಷ ನಡೆದು ಬಂದಿತ್ತು.

"ಸಭೆಗೆ ಇದೇ ಹಾಕ್ಕೊಳ್ಳಿ, ಗ್ರೀಸ್ ಅಂಗೀಲಿ ಹೋದ್ರೆ ನಿಮ್ಮನ್ನೇ ಬಿಡಿಭಾಗ ಅಂದ್ಕೋತಾರೆ," ಎಂದವಳು ಇಬ್ಬರ ಮುಖ ನೋಡಿ ನಿಂತಳು. "ಏನಾದ್ರೂ ಸಿಕ್ತಾ ಮೇಷ್ಟ್ರೇ?"

"ನೀನು ಮನೆಗೆ ಹೋಗೇ," ಎಂದ ಗಂಡ.

"ಸಿಕ್ತಮ್ಮ," ಎಂದರು ಮೇಷ್ಟ್ರು. ಸುಳ್ಳು ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ. "ನಿನ್ನ ತಮ್ಮ ಕಾಲೆತ್ತಿರಲಿಲ್ಲ. ನೀರು ಕಟ್ಟಿಕೊಂಡು ಇಂಜಿನ್ ಕಾದು, ತಾನೇ ಬಲ ಬಿಟ್ಟಿದೆ. ಅವನ ತಪ್ಪು ಎಳ್ಳಷ್ಟೂ ಇಲ್ಲ."

ಅವಳು ಅಂಗಿಯನ್ನು ಎದೆಗೆ ಒತ್ತಿಕೊಂಡಳು. ಇಸ್ತ್ರಿಯ ಗೆರೆಗಳೆಲ್ಲ ಮುದುಡಿದವು. "ನಾನು ಹೇಳಿರ್ಲಿಲ್ವಾ? ಹೇಳಿರ್ಲಿಲ್ವಾ ರೀ? ಅವನು ಜಗಳ ಆಡ್ತಿದ್ದ, ಆದ್ರೆ ಹಟಕ್ಕೆ ಇನ್ನೊಬ್ಬರ ಪ್ರಾಣದ ಜೊತೆ ಆಟ ಆಡೋನಲ್ಲ." ಅಳುತ್ತಲೇ ನಕ್ಕಳು. ಮೇಜಿನತ್ತ ಬಂದು ಬಗ್ಗಿ ನೋಡಿದಳು. "ಇದಾ ಕಟ್ಟಿಕೊಂಡಿದ್ದು? ಅಯ್ಯೋ, ಇದು ಅವತ್ತು ನಾನೇ ಹರಿದು ಕೊಟ್ಟಿದ್ದಲ್ವಾ!"

ಫೋರ್‌ಮನ್ ಕಣ್ಣು ಮುಚ್ಚಿಕೊಂಡ.

"ಅವತ್ತು ಅಂದ್ರೆ?" ಎಂದರು ಮೇಷ್ಟ್ರು.

"ಶುಕ್ರವಾರ ಸಂಜೆ. ಮನೆ ಕೀಲಿ ಕೊಡಕ್ಕೆ ಬಂದಿದ್ದೆ. ಇವರು ಕಾರಿನ ಕೆಳಗಿದ್ರು. ಎರಡು ಸಣ್ಣ ಬಟ್ಟೆ ಕೊಡೇ, ಪೈಪಿನ ಬಾಯಿಗೆ ಇದು ದೊಡ್ಡದಾಯ್ತು ಅಂದ್ರು. ನಾನು ಒಂದನ್ನ ಮೂರು ಮಾಡಿ, ಎರಡು ಕೊಟ್ಟು, ಉಳಿದಿದ್ದನ್ನ..."

ಅವಳ ಮಾತು ನಿಂತಿತು. ಕೈ ತಾನಾಗಿಯೇ ಕೊಕ್ಕೆಯತ್ತ ಎದ್ದಿತ್ತು, ಅಲ್ಲೇ ಗಾಳಿಯಲ್ಲಿ ಉಳಿಯಿತು.

ಆರು ಇಡಿಯ ಬಟ್ಟೆ, ಒಂದು ತುಂಡು. ಕೊಕ್ಕೆಯ ಮೇಲೆ ಏಳು. ಎರಡು ತುಂಡು ಇನ್ನೂ ಪೈಪಿನೊಳಗಿರುವಾಗಲೇ ಎಣಿಕೆ ಸರಿಹೋಗಿಬಿಟ್ಟಿತ್ತು.

ಹದಿನಾರು ವರ್ಷ ಆ ಬಟ್ಟೆಗಳನ್ನು ಹೊಲಿದು ಕೊಟ್ಟವಳು. ಅವುಗಳನ್ನು ಎಣಿಸುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಯಾತಕ್ಕೆ ಎಣಿಸುತ್ತಾರೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಬಟ್ಟೆ ಕಳೆಯಬಾರದು ಅಂತಿರಬೇಕು ಎಂದುಕೊಂಡಿದ್ದಳು.

"ನಾನು," ಎಂದಳು. ಅಷ್ಟೇ. ಸ್ಟೂಲಿನ ಮೇಲೆ ಕೂತಳು. ಅಳು ಬರಲಿಲ್ಲ. ಅಂಗಿಯನ್ನು ತೊಡೆಯ ಮೇಲಿಟ್ಟು ಅದರ ಸುಕ್ಕುಗಳನ್ನು ಅಂಗೈಯಿಂದ ತೀಡತೊಡಗಿದಳು, ನಿಧಾನವಾಗಿ, ಮಗುವಿನ ಬೆನ್ನು ಸವರುವಂತೆ.

"ನೀನಲ್ಲ ಕಣೇ!" ಫೋರ್‌ಮನ್ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಮುಚ್ಚಿದ್ದು ನಾನು. ಒಂದು ಪೈಪಿನ ಬಾಯಿ ಖಾಲಿ ಇತ್ತು. ಎರಡನ್ನೂ ತೆಗೆದಿದ್ದೀನಿ ಅಂದ್ಕೊಂಡೆ. ಕೊಕ್ಕೆ ನೋಡ್ದೆ, ಏಳು. ಬಗ್ಗಿ ಇನ್ನೊಂದು ಬಾಯಿ ನೋಡ್ಬೇಕಿತ್ತು. ನೋಡ್ಲಿಲ್ಲ."

"ಒಂದು ಬಾಯಿ ಯಾಕೆ ಖಾಲಿ ಇತ್ತು?" ಎಂದರು ಮೇಷ್ಟ್ರು.

ಅವನ ಕಣ್ಣು ಸ್ಪ್ಯಾನರ್ ಪೆಟ್ಟಿಗೆಯತ್ತ ಹೋಯಿತು.

"ನಿನಗೆ ಇದು ಇವತ್ತು ಗೊತ್ತಾಗಿದ್ದಲ್ಲ. ಅಲ್ವೇನೋ?"

"ರೀ." ಅವಳ ಕೈ ನಿಂತಿತು. "ಮೊದಲೇ ಗೊತ್ತಿತ್ತಾ ನಿಮಗೆ? ಊರೆಲ್ಲ ಅವನೇ ತನ್ನ ಸಾವು ತಂದ್ಕೊಂಡ ಅಂತ ಮಾತಾಡ್ವಾಗ, ನಾನು ಬಾಗಿಲು ಹಾಕ್ಕೊಂಡು ಅಳ್ವಾಗ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮಾತಾಡ್ಲಿಲ್ಲ ನೀವು."

"ಮಾತಾಡಿದ್ರೆ ನಿನಗೂ ಗೊತ್ತಾಗ್ತಿತ್ತು." ಅವನು ಅವಳ ಮೊಣಕಾಲು ಹಿಡಿದುಕೊಂಡ. "ಅವನು ಹೋಗಿಯಾಗಿತ್ತು ಕಣೇ. ಅವನ ಹೆಸರು ಹೋದ್ರೆ ಅವನಿಗೆ ನೋವಾಗಲ್ಲ. ನೀನು ಇದ್ದೀಯಲ್ಲ. ಆರನೇ ವರ್ಷದಿಂದ ಸಾಕಿದೋಳು... ಹೇಗೆ ಹೇಳ್ಲಿ? ಯಾವ ಬಾಯಿಂದ ಹೇಳ್ಲಿ?"

ಪೈಪಿನಿಂದ ಕೂಲೆಂಟು ತಟ್ಟೆಗೆ ಹನಿಯುತ್ತಿತ್ತು. ಎಣಿಸಿ ನೇತುಹಾಕಲು ಕಲಿಸಿದವರು ತಾವೇ, ಎಂದುಕೊಂಡರು ಮೇಷ್ಟ್ರು. ಎಣಿಸುವ ಮೊದಲು ಹರಿಯಬಾರದೆಂದು ಕಲಿಸಿರಲಿಲ್ಲ. ಮೇಷ್ಟ್ರು ಮನಸ್ಸಿನಲ್ಲೇ ತಮ್ಮ ದೇವರನ್ನು ನೆನೆದರು. ಕೇಳಿಕೊಳ್ಳಲು ಏನೂ ತೋಚಲಿಲ್ಲ.

"ಹೇಗೆ ಗೊತ್ತಾಯ್ತು ನಿನಗೆ?" ಎಂದರು ಕೊನೆಗೆ.

ಫೋರ್‌ಮನ್ ಎದ್ದು ಹೋಗಿ ಸ್ಪ್ಯಾನರ್ ಪೆಟ್ಟಿಗೆಯ ತಳದ ಖಾನೆಯನ್ನು ಎಳೆದ. ಒಂದು ಕಂದು ಲಕೋಟೆ ತಂದು ಮೇಷ್ಟ್ರ ಕೈಯಲ್ಲಿಟ್ಟ. "ಅವನನ್ನ ಕಳಿಸಿಕೊಟ್ಟು ಬಂದ ಮಾರನೇ ದಿನ, ಮಂಗಳವಾರ, ಅಂಚೇಲಿ ಬಂತು."

ಒಳಗೆ ಒಂದು ಬಟ್ಟೆಯ ತುಂಡು. ಮೂರು ಅಂಚಿಗೆ ಹೊಲಿಗೆ, ಒಂದು ಅಂಚು ಹರಿದದ್ದು. ಅದರ ಜೊತೆ ಮಡಚಿದ ಕಾಗದ. ಅಕ್ಷರಗಳನ್ನು ಅಳತೆಪಟ್ಟಿ ಇಟ್ಟು ಗೀಚಿದಂತಿತ್ತು, ಯಾರ ಕೈಬರಹವೂ ಅಲ್ಲದ ಹಾಗೆ:

'ಇದರ ಜೋಡಿ ಒಳಗೇ ಇದೆ. ನೀನು ಬಾಯಿ ಬಿಟ್ಟರೆ ಹರಿದವಳ ಹೆಸರು ಬರುತ್ತದೆ.'

ಮೇಷ್ಟ್ರು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರು, ಬೆರಳುಗಳ ನಡುವೆ ಉಜ್ಜಿದರು, ಕಿಟಕಿಯ ಬೆಳಕಿಗೆ ಎತ್ತಿದರು.

"ಇದು ನೀರು ಕಂಡಿಲ್ಲ."

"ಏನು ಮೇಷ್ಟ್ರೇ?"

"ಕೂಲೆಂಟಿನ ಕಲೆ ಇಲ್ಲ, ವಾಸನೆ ಇಲ್ಲ. ಅಪಘಾತ ಆದ ಮೇಲೆ ಪೈಪಿಂದ ತೆಗೆದಿದ್ದಲ್ಲ ಇದು. ನೀನು ನೀರು ತುಂಬೋ ಮೊದಲೇ, ಶುಕ್ರವಾರ ಸಂಜೆಯೇ, ಇಲ್ಲೇ, ಯಾರೋ ಒಂದನ್ನ ಎಳೆದು ಜೇಬಿಗೆ ಹಾಕ್ಕೊಂಡಿದ್ದಾರೆ. ನೀನು ಬಾಯಿ ಖಾಲಿ ನೋಡಿ ಎರಡೂ ತೆಗೆದಿದೀನಿ ಅಂದ್ಕೊಳ್ಳೋ ಹಾಗೆ." ಲಕೋಟೆಯನ್ನು ತಿರುಗಿಸಿ ಕನ್ನಡಕ ಸರಿಮಾಡಿಕೊಂಡರು. ಅಂಚೆಯ ಮುದ್ರೆಯ ಮೇಲೆ ಅವರ ಹೆಬ್ಬೆರಳು ನಿಂತಿತು. "ಈ ಮುದ್ರೆ ನೋಡಿದ್ಯಾ ನೀನು?"

"ಇಲ್ಲ. ಕಾಗದ ಓದಿದ ಮೇಲೆ ಕಣ್ಣೇ ಕಾಣ್ಲಿಲ್ಲ ನಂಗೆ."

"ಶನಿವಾರ. ಬೆಳಿಗ್ಗೆ ಒಂಬತ್ತು."

ಫೋರ್‌ಮನ್ ಬಗ್ಗಿ ಮುದ್ರೆಯನ್ನೇ ನೋಡುತ್ತಿದ್ದ. ಹೇಳಿದ್ದು ಅವಳು.

"ಅವನು ಟ್ರ್ಯಾಕಿಗೆ ಇಳಿದಿದ್ದು ಮೂರು ಗಂಟೆ ಮೇಲೆ."

"ಹೌದಮ್ಮ."

"ಒಂಬತ್ತು ಗಂಟೆಗೆ ಅವನು ನಮ್ಮನೇಲಿ ತಲೆ ಬಾಚ್ಕೋತಿದ್ದ. ಕನ್ನಡಿ ಬಿಟ್ಟುಕೊಡೋ ಅಂತ ಬೈತಿದ್ದೆ." ಅವಳು ಮುಂದಿನದನ್ನು ತನಗೆ ತಾನೇ ಓದಿಕೊಳ್ಳುವಂತೆ ಹೇಳಿದಳು. "ಇದರ ಜೋಡಿ ಒಳಗೇ ಇದೆ ಅಂತ ಬರೆದು, ಅಂಟಿಸಿ, ಅಂಚೆಗೆ ಹಾಕಿ, ಆಮೇಲೆ ಬಂದು ಅವನು ಹೊರಡೋದನ್ನ ನೋಡಿದ್ದಾರೆ. ಒಂದು ಮಾತು ಹೇಳ್ಲಿಲ್ಲ."

"ನೀನು ಬಟ್ಟೆ ಹರಿಯೋದನ್ನ ಕಂಡೋರೇ ಬರೆದಿದ್ದು. ನೆನಪು ಮಾಡ್ಕೋ ತಾಯಿ. ಆ ಸಂಜೆ ಇಲ್ಲಿ ಯಾರ್ಯಾರು ಇದ್ರು?"

"ಮೂರು ಜನ." ಅವಳಿಗೆ ಹುಡುಕಬೇಕಾಗಲಿಲ್ಲ. "ಕಾರಿನ ಯಜಮಾನ್ರು, ಆ ಮೂಲೇಲಿ ಫೋನಲ್ಲಿ ಮಾತಾಡ್ತಿದ್ರು. ಮಂಡಳಿ ಪರೀಕ್ಷಕರು ಟೈರ್ ನೋಡಕ್ಕೆ ಬಂದಿದ್ರು. ಆಮೇಲೆ, ಮಾರನೇ ದಿನ ಹಿಂದಿನಿಂದ ಗುದ್ದಿದ್ನಲ್ಲ, ಅವನು. ಬಟ್ಟೆ ಹರಿಯೋ ಸದ್ದಿಗೆ ತಿರುಗಿ ನೋಡಿ, ಅಕ್ಕನ ಕೈಲಿ ಶಕ್ತಿ ಚೆನ್ನಾಗಿದೆ ಅಂತ ತಮಾಷೆ ಮಾಡ್ದ."

"ನಾಲ್ಕು ಗಂಟೆಗೆ ಮೂವರೂ ಸಭೇಲಿ ಇರ್ತಾರೆ," ಎಂದ ಫೋರ್‌ಮನ್. ಗಾಬರಿಯಿಂದ ಲಕೋಟೆಗೆ ಕೈ ಚಾಚಿದ. "ಬೇಡ ಮೇಷ್ಟ್ರೇ. ಇದನ್ನ ಅಲ್ಲಿಗೆ ತಗೊಂಡು ಹೋಗ್ಬೇಡಿ. ನಾನು ಮರೆತೆ ಅಂತಲೇ ಬರೆಸಿ. ಬಾಣನ ಹೆಸರೂ ಉಳಿಯತ್ತೆ, ಇವಳ ಹೆಸರೂ ಬರಲ್ಲ. ನನಗೇನಾದ್ರೂ ಆಗ್ಲಿ."

ಅವಳು ಎದ್ದಳು. ಅಂಗಿಯನ್ನು ಗಂಡನ ಹೆಗಲ ಮೇಲೆ ಹಾಕಿದಳು. ಮೂರೂ ತುಂಡುಗಳನ್ನು, ಒದ್ದೆಯಾದದ್ದನ್ನೂ ಸೇರಿಸಿ, ಒಂದರ ಪಕ್ಕ ಒಂದಿಟ್ಟು ಅಂಚು ಕೂಡಿಸಿ ಮಡಚಿದಳು. ಹಸಿರು ನೀರು ಅವಳ ಮಣಿಕಟ್ಟಿನಿಂದ ಇಳಿಯಿತು.

"ನನ್ನ ಹೆಸರು ಬರತ್ತೆ ಅನ್ನೋದೊಂದೇ ಅವರ ಹತ್ರ ಇರೋದು," ಎಂದಳು. "ಅದನ್ನ ನಾನೇ ಹೇಳ್ಬಿಡ್ತೀನಿ. ಹರಿದೋಳು ನಾನು ಅಂತ ಎಲ್ಲರ ಮುಂದೆ ನಿಂತು ಹೇಳ್ತೀನಿ. ಮೇಷ್ಟ್ರೇ, ನೀವು ನನ್ನ ಕಡೆ ನೋಡ್ಬೇಡಿ. ಆ ಮೂವರಲ್ಲಿ ಯಾರ ಮುಖ ಬಿಳಿಚ್ಕೊಳ್ಳತ್ತೆ ಅಂತ ನೋಡ್ತಿರಿ."